ಪೈಲಟ್ ಕೆಲಸದ ಅರ್ಜಿಯಲ್ಲಿ ಹಳೆಯ ಅಪಘಾತ: ಬರೆಯುವುದು ಹೇಗೆ?

ಹೀಗೊಂದು ಲ್ಯಾಂಡಿಂಗ್ ಊಹಿಸಿಕೊಳ್ಳಿ. ಟ್ರೈನಿಂಗ್ ದಿನಗಳು, ಸೆಸ್ನಾ 172, ಒಳಗೆ ನೀವೊಬ್ಬರೇ. ಸ್ವಲ್ಪ ಜಾಸ್ತಿ ವೇಗದಲ್ಲಿ ಬಂದ ವಿಮಾನ ರನ್‌ವೇ ಮುಟ್ಟಿ ಪುಟಿಯುತ್ತದೆ. ಗಾಬರಿಯಲ್ಲಿ ಮೂತಿ ಕೆಳಗೆ ಒತ್ತುತ್ತೀರಿ. ಈ ಸಲ ಮುಂದಿನ ಚಕ್ರವೇ ಮೊದಲು ನೆಲಕ್ಕೆ ಬಡಿಯುತ್ತದೆ, ಪ್ರೊಪೆಲ್ಲರ್ ತುದಿ ಮಡಚಿಕೊಳ್ಳುತ್ತದೆ. ಗಾಯವೇನೂ ಇಲ್ಲ. ಮೂರು ವರ್ಷ ಕಳೆದು ಏರ್‌ಲೈನ್ ಅರ್ಜಿ ತುಂಬುವಾಗ ಪ್ರಶ್ನೆ ಬರುತ್ತದೆ: ಎಂದಾದರೂ ಅಪಘಾತ ಅಥವಾ ಇನ್ಸಿಡೆಂಟ್ ಆಗಿದೆಯೇ? ಬೆರಳು ‘ಇಲ್ಲ’ ಕಡೆಗೇ ಜಾರುತ್ತದೆ, ಅಲ್ವಾ?

ತಡೆಯಿರಿ. ಮೊದಲು ಪ್ರಶ್ನೆಯನ್ನು ಇನ್ನೊಮ್ಮೆ ಓದಿ. ‘ಎಂದಾದರೂ’ ಎಂದಿದೆಯೋ, ‘ಕಳೆದ ಐದು ವರ್ಷಗಳಲ್ಲಿ’ ಎಂದಿದೆಯೋ? ಅಪಘಾತ ಮಾತ್ರವೋ, ಇನ್ಸಿಡೆಂಟೂ (ಅಪಘಾತದ ಮಟ್ಟ ಮುಟ್ಟದ ಘಟನೆ) ಸೇರಿದೆಯೋ? ಕೇಳಿದ್ದಕ್ಕೆ ಪೂರ್ತಿ ಉತ್ತರ ಕೊಡಿ. ಕೇಳದಿದ್ದುದನ್ನು ಸುಮ್ನೆ ತುರುಕಬೇಡಿ.

ಎರಡನೆಯದು, ನಿಮ್ಮ ಘಟನೆಗೆ ಕಾಗದದಲ್ಲಿ ಏನು ಹೆಸರಿದೆ ಎಂದು ನೋಡುವುದು. ಇಲ್ಲೇ ಜಾಸ್ತಿ ಜನ ಎಡವುತ್ತಾರೆ. ‘ಅಪಘಾತ’ ಎನ್ನುವುದಕ್ಕೆ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಅನುಬಂಧ 13ರಲ್ಲಿ ವ್ಯಾಖ್ಯೆ ಇದೆ. ನಮ್ಮ ದೇಶದ ತನಿಖಾ ನಿಯಮಗಳೂ ಅದೇ ದಾರಿಯಲ್ಲಿವೆ. ಯಾರಿಗೂ ಏನೂ ಆಗದೆ, ಪ್ರೊಪೆಲ್ಲರ್, ರೆಕ್ಕೆಯ ತುದಿ, ಟೈರು, ಬ್ರೇಕು ಇಷ್ಟಕ್ಕೇ ಹಾನಿ ನಿಂತರೆ ಅದು ಅಪಘಾತದ ಲೆಕ್ಕಕ್ಕೆ ಬರುವುದಿಲ್ಲ. ಆದರೆ ಮೂತಿ ಬಡಿದ ಸೆಸ್ನಾದಲ್ಲಿ ಎಂಜಿನ್ ಹಿಂದಿನ ತಗಡಿನ ಗೋಡೆ, ಅಂದರೆ ಫೈರ್‌ವಾಲ್, ಸುಕ್ಕುಗಟ್ಟುವುದುಂಟು. ಆಗ ಅದು ವಿಮಾನದ ಮೈಕಟ್ಟಿಗೇ ಆದ ಹಾನಿ, ಕಥೆಯೇ ಬೇರೆ. ಹಾಗಾಗಿ ಅಪಘಾತವೋ, ಗಂಭೀರ ಇನ್ಸಿಡೆಂಟೋ, ಬರೀ ಇನ್ಸಿಡೆಂಟೋ ಎಂದು ನೀವೇ ತೀರ್ಮಾನಿಸಬೇಡಿ. ವರದಿಯಲ್ಲಿರುವ ಪದವನ್ನೇ ಬರೆಯಿರಿ.

ವರದಿ ಎಲ್ಲಿ ಸಿಗುತ್ತದೆ? ಎಎಐಬಿ, ಅಂದರೆ 2012ರಲ್ಲಿ ಶುರುವಾದ ವಿಮಾನ ಅಪಘಾತ ತನಿಖಾ ಬ್ಯೂರೋ, ತನ್ನ ಅಂತಿಮ ವರದಿಗಳನ್ನು ವೆಬ್‌ಸೈಟಿನಲ್ಲೇ ಹಾಕುತ್ತದೆ. ‘ವಿಟಿ’ಯಿಂದ ಶುರುವಾಗುವ ನೋಂದಣಿ ಅಕ್ಷರಗಳು ಗೊತ್ತಿದ್ದರೆ ಹುಡುಕುವುದು ಸುಲಭ. ನಿಮಗೆ ಸುಲಭವಾದದ್ದು ಏರ್‌ಲೈನ್‌ಗೂ ಸುಲಭ. ವರದಿಯಲ್ಲಿ ಪೈಲಟ್ ಹೆಸರು ಇಲ್ಲದಿದ್ದರೂ ದಿನಾಂಕ, ಊರು, ಹಾರಾಟದ ಗಂಟೆಗಳನ್ನು ನಿಮ್ಮ ಲಾಗ್‌ಬುಕ್ ಪಕ್ಕ ಇಟ್ಟರೆ ಸಾಕು. ವರದಿಯ ಜೊತೆಗೆ ಫ್ಲೈಯಿಂಗ್ ಸ್ಕೂಲಿನ ಪತ್ರ, ಮರುತರಬೇತಿಯ ದಾಖಲೆ, ನಮ್ಮ ವಿಮಾನಯಾನ ನಿಯಂತ್ರಕ ಡಿಜಿಸಿಎಯ ಕ್ರಮ ಏನಾದರೂ ಇದ್ದರೆ ಆ ಆದೇಶ, ಎಲ್ಲವನ್ನೂ ಒಂದೇ ಫೈಲಿಗೆ ಹಾಕಿ. ದಿನಾಂಕಗಳು ಒಂದಕ್ಕೊಂದು ತಾಳೆಯಾಗುತ್ತವೆಯೇ ನೋಡಿ.

ಈಗ ಬರೆಯುವ ಕೆಲಸ. ಫಾರ್ಮ್ ಇಂಗ್ಲಿಷಿನಲ್ಲೇ ಇರುತ್ತದೆ. ಆದರೂ ಮೊದಲು ಮನೆಯಲ್ಲಿ ಮಾತಾಡುವ ಕನ್ನಡದಲ್ಲಿ ಬರೆದು ನೋಡಿ ಎನ್ನುತ್ತೇನೆ. ಆಫೀಸ್ ಇಂಗ್ಲಿಷಿನಲ್ಲಿ ‘ಮೂತಿ ಇಳಿಸಲ್ಪಟ್ಟಿತು’ ಎಂಬ ಧಾಟಿಯಲ್ಲಿ ಬರೆದು ನುಣುಚಿಕೊಳ್ಳಬಹುದು. ಅಮ್ಮನ ಹತ್ತಿರ ಹಾಗೆ ಹೇಳೋಕಾಗುತ್ತಾ? ಅಲ್ಲಿ ‘ನಾನು ಇಳಿಸಿದೆ’ ಎನ್ನಲೇಬೇಕು. ಮಾದರಿ ಹೀಗಿರಲಿ:

“2021ರ ನವೆಂಬರ್‌ನಲ್ಲಿ ಸೋಲೋ ಹಾರಾಟದ ಲ್ಯಾಂಡಿಂಗ್‌ನಲ್ಲಿ ವಿಮಾನ ಪುಟಿಯಿತು. ಆಗ ನನ್ನ ಒಟ್ಟು ಹಾರಾಟ 62 ಗಂಟೆ. ಇಳಿಯದೆ ಮತ್ತೆ ಮೇಲೇರಿ ಗೋ-ಅರೌಂಡ್ ಮಾಡಬೇಕಿತ್ತು, ಮಾಡದೆ ಮೂತಿ ಇಳಿಸಿದೆ. ಮುಂದಿನ ಚಕ್ರಕ್ಕೆ, ಪ್ರೊಪೆಲ್ಲರ್‌ಗೆ ಹಾನಿಯಾಯಿತು. ಯಾರಿಗೂ ಗಾಯವಾಗಲಿಲ್ಲ. ಪುಟಿದ ಮೇಲೆ ನಾನು ನಿಭಾಯಿಸಿದ ರೀತಿಯೇ ಕಾರಣ ಎಂದು ವರದಿ ಹೇಳಿದೆ. ಇನ್‌ಸ್ಟ್ರಕ್ಟರ್ ಜೊತೆ ಮರುತರಬೇತಿ ಮುಗಿಸಿ ಹಾರಾಟದ ಚೆಕ್ ಪಾಸಾದೆ. ವರದಿ ಲಗತ್ತಿಸಿದ್ದೇನೆ.”

ಇಷ್ಟೇ ಸಾಕು. ಅಡ್ಡಗಾಳಿ ಇತ್ತು, ಟವರ್‌ನವರು ಅವಸರ ಮಾಡಿದರು ಎಂಬುದೆಲ್ಲ ವರದಿಯಲ್ಲಿದ್ದರೆ ಮಾತ್ರ ಸೇರಿಸಿ.

ಅಮೆರಿಕದಲ್ಲಿ ಕೆಲಸ ಹುಡುಕುತ್ತಿರುವ ನಮ್ಮವರಿಗೆ ಇನ್ನೊಂದು ಮಾತು. 2009ರ ಫೆಬ್ರುವರಿ 12ರಂದು ಬಫಲೋ ಬಳಿ ಕೋಲ್ಗನ್ ಏರ್‌ನ 3407 ವಿಮಾನ ಬಿದ್ದು 50 ಜನ ಸತ್ತರು. ಕ್ಯಾಪ್ಟನ್ ತಾನು ಫೇಲಾದ ಚೆಕ್‌ರೈಡ್‌ಗಳನ್ನೆಲ್ಲ (ಹಾರಾಟದ ಪರೀಕ್ಷೆಗಳು) ಕೆಲಸದ ಅರ್ಜಿಯಲ್ಲಿ ಹೇಳಿರಲಿಲ್ಲ ಎಂಬುದು ತನಿಖೆಯಲ್ಲಿ ಹೊರಬಂತು. ಮರುವರ್ಷದ ಕಾನೂನಿನಿಂದಾಗಿ ಪೈಲಟ್ ದಾಖಲೆಗಳ ಒಂದು ಡೇಟಾಬೇಸ್ ಹುಟ್ಟಿತು. ಅಲ್ಲಿನ ವಿಮಾನಯಾನ ನಿಯಂತ್ರಕ ಎಫ್‌ಎಎ ಬಳಿ ಇರುವ ಅಪಘಾತ, ಇನ್ಸಿಡೆಂಟ್ ವಿವರಗಳೂ ಅದರಲ್ಲಿವೆ. ಏರ್‌ಲೈನ್‌ಗಳು ಕೆಲಸಕ್ಕೆ ತೆಗೆದುಕೊಳ್ಳುವ ಮೊದಲು ಅದನ್ನು ನೋಡಲೇಬೇಕು. ನಿಮ್ಮ ದಾಖಲೆಯನ್ನು ನೀವೂ ನೋಡಬಹುದು. ಅರ್ಜಿಗೆ ಮುಂಚೆಯೇ ನೋಡಿಬಿಡಿ.

ಇಂಟರ್‌ವ್ಯೂನಲ್ಲಿ ಇದೇ ಕಥೆಯನ್ನು ಒಂದೆರಡು ನಿಮಿಷದಲ್ಲಿ ಹೇಳಲು ಅಭ್ಯಾಸ ಮಾಡಿ. ‘ಇವತ್ತು ಹಾಗೆ ಪುಟಿದರೆ?’ ಎಂಬ ಪ್ರಶ್ನೆ ಬಂದೇ ಬರುತ್ತದೆ ಎಂದುಕೊಳ್ಳಿ. ಪವರ್ ಕೊಡುತ್ತೇನೆ, ಮೂತಿಯನ್ನು ಹದದಲ್ಲಿ ಹಿಡಿಯುತ್ತೇನೆ, ಮತ್ತೆ ಸುತ್ತು ಹಾಕಿ ಬರುತ್ತೇನೆ. ಕೈ ಏನು ಮಾಡುತ್ತದೆ ಎಂದು ಹೇಳಿ. ‘ತುಂಬಾ ಕಲಿತೆ ಸರ್’ ಎಂದರೆ ಅವರಿಗೆ ಏನೂ ತಿಳಿಯುವುದಿಲ್ಲ.

ಈಗಾಗಲೇ ‘ಇಲ್ಲ’ ಒತ್ತಿ ಕಳಿಸಿಬಿಟ್ಟಿದ್ದೀರಾ? ಇಂಟರ್‌ವ್ಯೂಗೆ ಕರೆ ಬರುವವರೆಗೆ ಕಾಯಬೇಡಿ. ಅರ್ಜಿ ಸಂಖ್ಯೆ ಹಾಕಿ, ಉತ್ತರ ತಪ್ಪಾಗಿತ್ತು, ಸರಿಯಾದ ವಿವರ ಇಲ್ಲಿದೆ ಎಂದು ಎಚ್‌ಆರ್‌ಗೆ ಇವತ್ತೇ ಮೇಲ್ ಮಾಡಿ. ಕಳಿಸಿದ್ದರ ಒಂದು ಪ್ರತಿ ಅದೇ ಫೈಲಿನಲ್ಲಿರಲಿ. ಮುಂದಿನ ಕಂಪನಿಯ ಫಾರ್ಮ್ ತುಂಬುವಾಗ ಅದನ್ನೇ ಎದುರಿಗೆ ಇಟ್ಟುಕೊಳ್ಳಿ.