ಸ್ಲೊವೇನಿಯಾದಲ್ಲಿ ನಾಲ್ಕು ದಿನ: ಇಬ್ಬರೇ ಕಾರಿನಲ್ಲಿ ಸುತ್ತುವುದು ಹೇಗೆ?

ಸ್ಲೊವೇನಿಯಾ ಇಡೀ ದೇಶ ಕರ್ನಾಟಕದ ಹತ್ತರಲ್ಲೊಂದು ಪಾಲಿನಷ್ಟಿದೆ. ಚಿಕ್ಕ ದೇಶ ತಾನೆ ಅಂತಲೇ ಜನ ಎಡವುತ್ತಾರೆ. ಪೊಸ್ತೊಯ್ನಾ ಗುಹೆ, ಪಿರಾನ್ ಕಡಲತೀರ, ಬ್ಲೆಡ್ ಸರೋವರ, ಆಲ್ಪ್ಸ್ ಬೆಟ್ಟ ಎಲ್ಲವನ್ನೂ ನಾಲ್ಕು ದಿನಕ್ಕೆ ತುರುಕುತ್ತಾರೆ. ನಮ್ಮ ನೆಂಟರ ಜೋಡಿಯೊಂದು ಹೀಗೇ ಹೋಗಿತ್ತು. ಮೊದಲ ದಿನವೇ ಕಾರಿನ ಬಲಗಡೆ ಕನ್ನಡಿ ಕಿತ್ತುಹೋಯಿತು. ಉಳಿದ ಮೂರು ದಿನ ಇಬ್ಬರೂ ಮಾತು ಬಿಟ್ಟಿದ್ದರು.

ಸಮುದ್ರ, ಗುಹೆ ಎರಡನ್ನೂ ಇನ್ನೊಂದು ಸಲಕ್ಕೆ ಇಟ್ಟುಕೊಳ್ಳಿ. ವಾಯವ್ಯ ಮೂಲೆಯ ಒಂದೇ ಸುತ್ತು ಸಾಕು: ಬ್ಲೆಡ್, ಕ್ರಾನ್ಸ್ಕಾ ಗೋರಾ, ವರ್ಶಿಚ್ ಘಾಟಿ, ಸೋಚಾ ನದಿ, ಬೋಹಿನ್.

ಹಂತ 1: ಕಾಗದಪತ್ರ

ಶೆಂಗೆನ್ ವೀಸಾ, ಕನಿಷ್ಠ 30,000 ಯೂರೊ ವೈದ್ಯಕೀಯ ವಿಮೆ, ಆರ್‌ಟಿಒದಿಂದ ಅಂತರರಾಷ್ಟ್ರೀಯ ಡ್ರೈವಿಂಗ್ ಪರ್ಮಿಟ್. ಪರ್ಮಿಟ್ ಜೊತೆ ನಮ್ಮ ಮಾಮೂಲಿ ಲೈಸೆನ್ಸೂ ಕೈಯಲ್ಲಿರಲಿ.

ಹಂತ 2: ಕಾರು

ಆಟೋಮ್ಯಾಟಿಕ್ ಕಾರನ್ನೇ ಬುಕ್ ಮಾಡಿ. ಬಾಡಿಗೆ ಜಾಸ್ತಿ, ನಿಜ. ಆದರೂ ಇದರಲ್ಲಿ ಚೌಕಾಸಿ ಬೇಡ. ಅಲ್ಲಿ ಸ್ಟೀರಿಂಗ್ ಎಡಗಡೆ, ಗೇರ್ ಬಲಗೈಗೆ. ಹೊಸ ದೇಶ, ಹೊಸ ರಸ್ತೆ, ಅದರ ಮೇಲೆ ತಪ್ಪು ಕೈಯಲ್ಲಿ ಗೇರ್ ಬೇರೆ ಯಾಕೆ?

ಡೆಪಾಸಿಟ್‌ಗೆ ಓಡಿಸುವವರ ಹೆಸರಿನದೇ ಕ್ರೆಡಿಟ್ ಕಾರ್ಡ್ ಬೇಕು. ನನಗೆ ಕೌಂಟರಿನಲ್ಲಿ ಜಿಪಿಎಸ್ ಡಬ್ಬಿಯೊಂದನ್ನು ದಿನದ ಬಾಡಿಗೆಗೆ ಗಂಟುಹಾಕಿದರು. ಅದು ಡಿಕ್ಕಿಯಿಂದ ಈಚೆಗೇ ಬರಲಿಲ್ಲ. ಫೋನಿನಲ್ಲಿ ಮ್ಯಾಪ್ ಇಳಿಸಿಕೊಂಡರೆ ಸಾಕು. ಫೋನ್ ಹೋಲ್ಡರ್ ಮಾತ್ರ ಗಾಜಿಗೆ ಅಂಟಿಸುವ ಅಗ್ಗದ್ದು ಬೇಡ. ನನ್ನದು ಘಾಟಿಯ ನಡುವೆ ಬ್ರೇಕ್ ಪೆಡಲ್ ಪಕ್ಕಕ್ಕೇ ಬಿತ್ತು.

ಹಂತ 3: ವಿನ್ಯೆಟ್

ಹೆದ್ದಾರಿಗೆ ವಿನ್ಯೆಟ್ ಬೇಕು. ಇದು ಟೋಲ್ ಪಾಸ್. 2022ರಿಂದ ಕಾರಿಗೆ ಸ್ಟಿಕ್ಕರ್ ಇಲ್ಲ, ನಂಬರ್ ಪ್ಲೇಟಿನ ಮೇಲೇ ದಾಖಲು. ಸ್ಲೊವೇನಿಯಾದಲ್ಲೇ ತೆಗೆದುಕೊಂಡ ಬಾಡಿಗೆ ಕಾರಿಗೆ ಸಾಮಾನ್ಯವಾಗಿ ಇರುತ್ತದೆ, ಆದರೂ ಕೇಳಿ. ಇಟಲಿ, ಆಸ್ಟ್ರಿಯಾದಿಂದ ತಂದರೆ ನೀವೇ ಕೊಳ್ಳಬೇಕು. ಸಿಕ್ಕಿಬಿದ್ದರೆ ದಂಡ ಕನಿಷ್ಠ 300 ಯೂರೊ. ಸರ್ಕಾರಿ ಕಂಪನಿ ಡಾರ್ಸ್‌ನ ತಾಣದಲ್ಲೇ ಕೊಳ್ಳಿ. ಹುಡುಕಿದಾಗ ಮೊದಲು ಕಾಣುವ ಮಧ್ಯವರ್ತಿಗಳ ತಾಣದಲ್ಲಿ ಸುಮ್ನೆ ಕಮಿಷನ್ ಕೊಡಬೇಕಾಗುತ್ತದೆ.

ಹಂತ 4: ಮೊದಲ ಒಂದು ಗಂಟೆ

ಎಲ್ಲರೂ ಕೆಡಿಸಿಕೊಳ್ಳುವುದು ಇಲ್ಲೇ. ರಾತ್ರಿಯೆಲ್ಲ ವಿಮಾನದಲ್ಲಿ ಕೂತು, ಕೀ ಸಿಕ್ಕ ತಕ್ಷಣ ಹೆದ್ದಾರಿಗೆ ನುಗ್ಗುತ್ತಾರೆ. ಬೇಡ. ಮೊದಲು ಕಾರನ್ನು ಸುತ್ತಲೂ ವಿಡಿಯೊ ಮಾಡಿ, ಚಕ್ರದ ಅಂಚೂ ಬರಲಿ. ಆಮೇಲೆ ಪಾರ್ಕಿಂಗ್ ಜಾಗದಲ್ಲೇ ನಾಲ್ಕು ಸುತ್ತು ಹಾಕಿ. ನಮ್ಮಲ್ಲಿನ ಬಹಳಷ್ಟು ಕಾರುಗಳಲ್ಲಿ ಇಂಡಿಕೇಟರ್ ಬಲಗೈಗೆ, ಅಲ್ಲಿ ಎಡಗೈಗೆ. ತಿರುವಿಗೊಂದು ಸಲ ವೈಪರ್ ಓಡುತ್ತದೆ, ನಗಾಡಿ ಬಿಡಿ. ಹೆಡ್‌ಲೈಟ್ ಹಗಲಲ್ಲೂ ಹಾಕಿರಬೇಕು, ಅದು ಕಾನೂನು.

‘ಬಲಕ್ಕೆ ಹೋಗಬೇಕು’ ಅಂತ ಬಾಯಿಪಾಠ ಮಾಡಿಕೊಂಡರೆ ಆತಂಕದಲ್ಲಿ ಮರೆತುಹೋಗುತ್ತದೆ. ಬದಲಿಗೆ ಇದನ್ನು ನೆನಪಿಡಿ: ರಸ್ತೆಯ ನಡುಗೆರೆ ಯಾವಾಗಲೂ ಡ್ರೈವರ್ ಭುಜದ ಕಡೆ. ನಮ್ಮಲ್ಲೂ ಹಾಗೇ, ಅಲ್ಲೂ ಹಾಗೇ. ಗೆರೆಯ ಪಕ್ಕ ನೀವಿಲ್ಲ, ಹೆಂಡತಿಯೋ ಗಂಡನೋ ಕೂತಿದ್ದಾರೆ ಅಂದರೆ ನೀವು ಎದುರು ಬರುವ ವಾಹನಗಳ ದಾರಿಯಲ್ಲಿದ್ದೀರಿ.

ಇನ್ನೊಂದು ಸಮಸ್ಯೆ ಕಾರಿನ ಮೈ. ನಮಗೆ ಕಾರು ಎಡಕ್ಕೆ ಚಾಚಿರುವ ಅಭ್ಯಾಸ. ಅಲ್ಲಿ ಬಲಕ್ಕೆ ಚಾಚಿರುತ್ತದೆ. ಗೊತ್ತಿಲ್ಲದಂತೆ ಬಲ ಅಂಚಿಗೆ ಜಾರುತ್ತೀರಿ. ನಮ್ಮ ನೆಂಟರ ಕನ್ನಡಿ ಹೋದದ್ದೂ ಹಾಗೇ. ‘ಬಲಗಡೆ ಹತ್ತಿರ’ ಅಂತ ಹೇಳುವುದು ಪಕ್ಕದವರ ಕೆಲಸ. ಬೈಯದೆ ಹೇಳಬೇಕು, ಅಷ್ಟೆ. ನಮ್ಮಲ್ಲಿ ಓಡಿಸಿದ್ದು ನಾನು, ಹೇಳುತ್ತಿದ್ದದ್ದು ನಮ್ಮವರು.

ಬಲ ತಿರುವು ಚಿಕ್ಕದು. ಎಡ ತಿರುವು ದೊಡ್ಡದು, ಎದುರಿನವರನ್ನು ಬಿಟ್ಟು ಅಡ್ಡ ದಾಟಬೇಕು. ವೃತ್ತಕ್ಕೆ ಬಂದಾಗ ಎಡಕ್ಕೆ ನೋಡಿ, ಒಳಗಿರುವವರಿಗೆ ದಾರಿ ಬಿಟ್ಟು, ಬಲಕ್ಕೆ ಹೊಕ್ಕು ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಸುತ್ತಿ. ದಾರಿ ತಪ್ಪಿದರೆ ಇನ್ನೊಂದು ಸುತ್ತು ಹೊಡೆಯಿರಿ, ಯಾರೂ ಹಾರ್ನ್ ಮಾಡುವುದಿಲ್ಲ.

ವಿಚಿತ್ರ ಅಂದರೆ, ತಪ್ಪಾಗುವುದು ಟ್ರಾಫಿಕ್‌ನಲ್ಲಿ ಅಲ್ಲ. ಮುಂದಿನ ಕಾರಿನ ಹಿಂದೆ ಹೋದರಾಯಿತು. ಎರಡನೇ ದಿನ ಬೆಳಿಗ್ಗೆ, ಪೆಟ್ರೋಲ್ ಬಂಕಿನಿಂದ ಖಾಲಿ ರಸ್ತೆಗೆ ಬರುವಾಗ ಕೈ ತಾನಾಗಿ ಎಡಕ್ಕೆ ಎಳೆಯುತ್ತದೆ. ಆಗಲೇ ಪಕ್ಕದವರು ಎಚ್ಚರವಾಗಿರಬೇಕು.

ಹಂತ 5: ಬ್ಲೆಡ್

ವಿಮಾನ ನಿಲ್ದಾಣಕ್ಕೆ ಹತ್ತಿರ, ಮೊದಲ ರಾತ್ರಿ ಇಲ್ಲೇ. ದ್ವೀಪಕ್ಕೆ ದೋಣಿ, ಮೇಲಕ್ಕೆ 99 ಮೆಟ್ಟಿಲು. ಮದುಮಗ ಮದುಮಗಳನ್ನು ಹೊತ್ತು ಹತ್ತಬೇಕು, ಅವಳು ತುಟಿಪಿಟಕ್ಕನ್ನಬಾರದು ಅನ್ನೋದು ಅಲ್ಲಿನ ರೂಢಿ. ನಮ್ಮವರು ಮೊದಲ ಮೆಟ್ಟಿಲಲ್ಲೇ ಕೈ ಮುಗಿದರು. ಭಾನುವಾರ ಅಂಗಡಿಗಳು ಬಹುಪಾಲು ಮುಚ್ಚಿರುತ್ತವೆ, ಶನಿವಾರವೇ ಹಾಲು, ಬ್ರೆಡ್, ಮೊಸರು ತಂದಿಟ್ಟುಕೊಳ್ಳಿ. ಚಟ್ನಿಪುಡಿ ಊರಿಂದಲೇ.

ಹಂತ 6: ವರ್ಶಿಚ್

1,611 ಮೀಟರ್ ಎತ್ತರ, 50 ಹೇರ್‌ಪಿನ್ ತಿರುವು. ಆಗುಂಬೆಯಲ್ಲಿ ಇರುವುದು 14. ಚಳಿಗಾಲದಲ್ಲಿ ಹಿಮ ಬಿದ್ದರೆ ಮುಚ್ಚುತ್ತಾರೆ; ಜೂನ್ ಅಥವಾ ಸೆಪ್ಟೆಂಬರ್ ಒಳ್ಳೆಯದು. ಬೆಳಿಗ್ಗೆ ಎಂಟರೊಳಗೆ ಘಾಟಿಯ ಬುಡದ ಊರು ಕ್ರಾನ್ಸ್ಕಾ ಗೋರಾ ಬಿಡಿ. ತಡವಾದರೆ ಬೈಕು, ಸೈಕಲ್, ಬಸ್ಸು ಎಲ್ಲ ಒಟ್ಟಿಗೆ ಸಿಗುತ್ತವೆ. ಪ್ರತಿ ತಿರುವಿಗೂ ನಂಬರ್ ಬೋರ್ಡಿದೆ. ಈ ಕಡೆಯ ತಿರುವುಗಳಿಗೆ ಕಲ್ಲು ಹಾಸಿದ್ದಾರೆ, ಮಳೆಯಲ್ಲಿ ಜಾರುತ್ತದೆ.

ಎಂಟನೇ ತಿರುವಿನಲ್ಲಿ ನಿಲ್ಲಿಸಿ, ಮರದ ಚಿಕ್ಕ ರಷ್ಯನ್ ಪ್ರಾರ್ಥನಾ ಮಂದಿರ ನೋಡಿ. ಮೊದಲ ಮಹಾಯುದ್ಧದಲ್ಲಿ ಈ ರಸ್ತೆಯ ಕೆಲಸಕ್ಕೆ ಹಚ್ಚಿದ್ದು ರಷ್ಯನ್ ಯುದ್ಧಕೈದಿಗಳನ್ನು. 1916ರ ಮಾರ್ಚ್‌ನಲ್ಲಿ ಹಿಮ ಕುಸಿದು ಅವರಲ್ಲಿ ಬಹಳ ಜನ ಸತ್ತರು. ಉಳಿದವರು ಕಟ್ಟಿದ್ದು ಇದು. ಅಲ್ಲಿಂದ ಮುಂದೆ ನಾನು ‘ಎಂಥ ರಸ್ತೆ’ ಅಂತ ಗೊಣಗಲಿಲ್ಲ.

ಇಳಿಯುವಾಗ ಬ್ರೇಕ್ ಒತ್ತಿಹಿಡಿಯಬೇಡಿ, ಕಾದುಬಿಡುತ್ತದೆ. ಗೇರನ್ನು ಮ್ಯಾನ್ಯುವಲ್‌ಗೆ ಹಾಕಿ ಎರಡರಲ್ಲಿ ಇಳಿಯಿರಿ. ಹಿಂದೆ ಕಾರು ಅಂಟಿಕೊಂಡರೆ ಅಗಲ ಜಾಗದಲ್ಲಿ ಪಕ್ಕಕ್ಕೆ ನಿಂತು ಮುಂದೆ ಬಿಡಿ.

ಕೆಳಗೆ ಸೋಚಾ. ಫೋಟೊದಲ್ಲಿ ಬಣ್ಣ ತಿದ್ದಿದ್ದಾರೆ ಅಂದುಕೊಂಡಿದ್ದೆ, ನೀರು ನಿಜಕ್ಕೂ ಪಚ್ಚೆ. ಕೊಬಾರಿದ್‌ನಲ್ಲಿ ರಾತ್ರಿ ತಂಗಿ, ಅಲ್ಲಿನ ಯುದ್ಧ ಮ್ಯೂಸಿಯಂಗೆ ಎರಡು ಗಂಟೆ ಇಡಿ.

ಹಂತ 7: ವಾಪಸ್, ರೈಲಿನ ಮೇಲೆ

ಬಂದ ಘಾಟಿಯನ್ನೇ ಮತ್ತೆ ಹತ್ತಬೇಡಿ. ಮೋಸ್ಟ್ ನಾ ಸೋಚಿಯಿಂದ ಬೋಹಿನ್ಸ್ಕಾ ಬಿಸ್ಟ್ರಿತ್ಸಾಗೆ ಕಾರು ಸಾಗಿಸುವ ರೈಲಿದೆ. ದಿನಕ್ಕೆ ಕೆಲವೇ ಸಲ, ರಿಪೇರಿ ಅಂತ ನಿಲ್ಲಿಸುವುದೂ ಉಂಟು. ಹಿಂದಿನ ದಿನವೇ ವೇಳಾಪಟ್ಟಿ ನೋಡಿಕೊಳ್ಳಿ. ಬಿಸ್ಟ್ರಿತ್ಸಾದಲ್ಲಿ ಇಳಿದರೆ ಬೋಹಿನ್ ಸರೋವರ ಪಕ್ಕದಲ್ಲೇ.

ಕಾರನ್ನು ತೆರೆದ ಬೋಗಿಗೆ ಹತ್ತಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಎಂಜಿನ್ ಆಫ್. 1906ರಲ್ಲಿ ತೆರೆದ ಸುರಂಗ, ಆರು ಕಿಲೋಮೀಟರಿಗೂ ಉದ್ದ, ಒಳಗೆ ಕಗ್ಗತ್ತಲು. ಮೂರು ದಿನದಲ್ಲಿ ಮೊದಲ ಸಲ ನಮ್ಮವರು ‘ಬಲಗಡೆ ಹತ್ತಿರ’ ಅನ್ನಲಿಲ್ಲ. ಬೆಳಕು ಬಂದಾಗ ನೋಡಿದರೆ, ಬಲಗಡೆ ಕನ್ನಡಿಯನ್ನೇ ದಿಟ್ಟಿಸುತ್ತಾ ಕೂತಿದ್ದರು.