ಹ್ಯಾಮ್‌ಸ್ಟರ್ ಮರಿ ಹಾಕಿದೆಯೇ? ಎರಡು ವಾರ ಗೂಡಿಗೆ ಕೈ ಹಾಕಬೇಡಿ

ಅಂಗಡಿಯವರು ‘ಎರಡೂ ಹೆಣ್ಣೇ’ ಎಂದು ಕೊಟ್ಟ ಹ್ಯಾಮ್‌ಸ್ಟರ್ (ಇಲಿಯಂಥ ಪುಟ್ಟ ಸಾಕುಪ್ರಾಣಿ) ಜೋಡಿ ತಿಂಗಳೊಳಗೆ ಮರಿ ಹಾಕಿದ್ದನ್ನು ಬಳ್ಳಾರಿಯ ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ಮಕ್ಕಳು ಪಂಜರಕ್ಕೆ ಮುಗಿಬೀಳುತ್ತಾರೆ, ದೊಡ್ಡವರು ವಾಸನೆ ಎಂದು ಅದನ್ನು ತೊಳೆಯುತ್ತಾರೆ. ಬೆಳಗಾಗುವುದರೊಳಗೆ ತಾಯಿ ಮರಿಗಳನ್ನು ತಿಂದುಹಾಕಿರುತ್ತದೆ. ಅದನ್ನು ಬೈದು ಉಪಯೋಗವಿಲ್ಲ. ಹೆದರಿಕೆ, ಹಸಿವು, ಗೂಡಿನಲ್ಲಿ ಹೊಸ ವಾಸನೆ, ಇವು ಹಾಗೆ ಮಾಡಿಸುತ್ತವೆ. ಮೂರನ್ನೂ ತಪ್ಪಿಸುವುದು ನಮ್ಮ ಕೈಯಲ್ಲೇ ಇದೆ.

1. ಹೆರಿಗೆಗೆ ಮುಂಚೆ. ಗರ್ಭ ಕಟ್ಟಿದ ಮೇಲೆ ದೊಡ್ಡ ಗಾತ್ರದ ಸಿರಿಯನ್ ಹ್ಯಾಮ್‌ಸ್ಟರ್ ಸುಮಾರು 16 ದಿನಕ್ಕೆ, ಪುಟ್ಟ ಗಾತ್ರದ ಡ್ವಾರ್ಫ್ ಜಾತಿ 18ರಿಂದ 22 ದಿನಕ್ಕೆ ಮರಿ ಹಾಕುತ್ತದೆ. ಹೊಟ್ಟೆ ದಪ್ಪಗಾದದ್ದು ಕಂಡ ಕೂಡಲೇ ಗಂಡನ್ನು ಬೇರೆ ಪಂಜರಕ್ಕೆ ಹಾಕಿ. ಡ್ವಾರ್ಫ್ ಹೆಣ್ಣು ಹೆತ್ತ ದಿನವೇ ಮತ್ತೆ ಗರ್ಭ ಕಟ್ಟಬಲ್ಲದು. ಸರಳುಗಳ ಸಂದು ಅಗಲವಿದ್ದರೆ ಮರಿಗಳು ನುಸುಳಿ ಹೊರಬೀಳುತ್ತವೆ. ಹಾಗಾಗಿ ಗಾಳಿಗೆ ತೂತು ಕೊರೆದ ದೊಡ್ಡ ಪ್ಲಾಸ್ಟಿಕ್ ಡಬ್ಬವೇ ವಾಸಿ. ಅದು ಓಡಿ ಆಡುವ ಚಕ್ರ ತೆಗೆದಿಡಿ. ಗೂಡಿಗೆ ವಾಸನೆಯಿಲ್ಲದ ಬಿಳಿ ಟಿಶ್ಯೂ ಪೇಪರ್ ಹರಿದು ಹಾಕಿದರೆ ಸಾಕು. ಅಂಗಡಿಯಲ್ಲಿ ಸಿಗುವ ಹತ್ತಿಯಂಥ ಬಣ್ಣದ ಉಂಡೆ ಖಂಡಿತ ಬೇಡ, ಅದರ ಎಳೆ ಮರಿಗಳ ಕಾಲಿಗೆ ಸುತ್ತಿಕೊಂಡು ರಕ್ತ ಕಟ್ಟುತ್ತದೆ. ಗಂಗಾವತಿ, ಸಿಂಧನೂರು ಕಡೆ ಸುಲಭವಾಗಿ ಸಿಗುವ ಭತ್ತದ ಹೊಟ್ಟೂ ಬೇಡ. ಅದು ಚುಚ್ಚುತ್ತದೆ, ದೂಳೂ ಜಾಸ್ತಿ.

2. ಮೊದಲ ಎರಡು ವಾರ. ಎಲ್ಲರೂ ಎಡವುವುದು ಇಲ್ಲೇ. ಮರಿಗಳು ಹುಟ್ಟುವಾಗ ಕೂದಲಿಲ್ಲ, ಕಣ್ಣು ತೆರೆದಿಲ್ಲ, ಕಿವಿ ಕೇಳದು. ಹುಣಸೆ ಬೀಜದಷ್ಟು ಗುಲಾಬಿ ಮೈ. ಮುಟ್ಟಬೇಡಿ, ಎಣಿಸಬೇಡಿ, ಫ್ಲ್ಯಾಶ್ ಹಾಕಿ ಫೋಟೊ ತೆಗೆಯಬೇಡಿ. ಪಂಜರ ತೊಳೆಯುವುದಂತೂ ಬೇಡವೇ ಬೇಡ. ತೀರಾ ಒದ್ದೆಯಾದರೆ ಗೂಡಿನಿಂದ ದೂರದ ಮೂಲೆಯದನ್ನಷ್ಟೇ ಚಮಚದಿಂದ ತೆಗೆಯಿರಿ. ತಾಯಿ ಮರಿಯನ್ನು ಬಾಯಲ್ಲಿ ತುಂಬಿಕೊಂಡು ಓಡಿದರೆ ಕೂಗಾಡಬೇಡಿ. ಅದು ಜಾಗ ಬದಲಿಸುತ್ತಿದೆ, ತಿನ್ನುತ್ತಿಲ್ಲ. ಮರಿಯೊಂದು ಗೂಡಿನಾಚೆ ಬಿದ್ದಿದ್ದರೂ ಸಾಮಾನ್ಯವಾಗಿ ತಾಯಿಯೇ ಎತ್ತಿ ತರುತ್ತದೆ. ಸ್ವಲ್ಪ ಹೊತ್ತು ಕಾದರೂ ತರದಿದ್ದರೆ, ತಾಯಿಗೆ ಇನ್ನೊಂದು ಮೂಲೆಯಲ್ಲಿ ತಿನ್ನಲು ಕೊಟ್ಟು, ಚಮಚವನ್ನು ಅದೇ ಪಂಜರದ ಹಾಸಿನಲ್ಲಿ ಚೆನ್ನಾಗಿ ಉಜ್ಜಿ, ಅದರಿಂದ ಮರಿಯನ್ನು ಗೂಡಿಗೆ ಜಾರಿಸಿ. ಬರಿಗೈ ಬೇಡ.

3. ನಮ್ಮ ಬಿಸಿಲು. ಏಪ್ರಿಲ್, ಮೇನಲ್ಲಿ ಬಳ್ಳಾರಿ, ರಾಯಚೂರಿನ ಬಿಸಿಲು 40 ಡಿಗ್ರಿ ದಾಟುತ್ತದೆ. ಹ್ಯಾಮ್‌ಸ್ಟರ್‌ಗೆ 20ರಿಂದ 24 ಡಿಗ್ರಿ ಹಿತ. ತಗಡಿನ ಶೀಟಿನ ಕೋಣೆಯಲ್ಲಿ ಇಡಲೇಬೇಡಿ. ನೆಲಮಹಡಿಯ ಒಳಕೋಣೆ, ನೆಲಕ್ಕೆ ಹತ್ತಿರದ ಜಾಗ ಸರಿ. ಕೂಲರ್ ಗಾಳಿ ನೇರವಾಗಿ ಬಡಿಯಬಾರದು, ಕೂದಲಿಲ್ಲದ ಮರಿಗಳಿಗೆ ಥಂಡಿ ಹತ್ತುತ್ತದೆ. ಕರೆಂಟ್ ಹೋದಾಗ ಐಸ್ ಬಾಟಲಿಗೆ ಬಟ್ಟೆ ಸುತ್ತಿ ಪಂಜರದ ಹೊರಗೆ, ಗೂಡಿನ ಎದುರು ಬದಿಗೆ ಇಡಿ. ಬೇಕಾದಾಗ ತಾಯಿ ಅತ್ತ ಹೋಗಿ ತಂಪಾಗುತ್ತದೆ, ಮರಿಗಳು ಬೆಚ್ಚಗಿರುತ್ತವೆ.

4. ಊಟ. ದಿನದ ಕಾಳಿನ ಜೊತೆ ಬೇಯಿಸಿದ ಮೊಟ್ಟೆಯ ಚೂರು, ಸ್ವಲ್ಪ ಜೋಳ, ಸಜ್ಜೆ, ಒಂದು ಹೋಳು ಸೌತೆಕಾಯಿ. ಹಸುವಿನ ಹಾಲು ಬೇಡ. ಈರುಳ್ಳಿ, ಬೆಳ್ಳುಳ್ಳಿ ಬೇಡ. ನೀರು ಯಾವಾಗಲೂ ಇರಲಿ, ಬಾಯಾರಿದ ತಾಯಿಗೆ ಹಾಲು ಬತ್ತುತ್ತದೆ. ಒಂದು ವಾರ ಕಳೆಯುತ್ತಲೇ ಮರಿಗಳು ಕಣ್ಣು ಮುಚ್ಚಿಕೊಂಡೇ ಕಾಳು ಮೆಲ್ಲಲು ತೊಡಗುತ್ತವೆ. ಆಗ ನೀರಿನ ಬಾಟಲಿಯ ಕೊಳವೆಯನ್ನು ಅವುಗಳ ಬಾಯಿಗೆ ಎಟುಕುವಷ್ಟು ಕೆಳಗಿಳಿಸಿ.

5. ಬೇರ್ಪಡಿಸುವುದು. 14 ದಿನದ ಹೊತ್ತಿಗೆ ಕಣ್ಣು ತೆರೆಯುತ್ತವೆ. ಆಮೇಲೆ ಪಂಜರ ಶುಚಿ ಮಾಡಿ, ಹಳೆಯ ಗೂಡಿನ ಒಂದು ಹಿಡಿ ಕಾಗದ ಮತ್ತೆ ಹಾಕಿ. ನಾಲ್ಕು ವಾರ ತುಂಬುವಾಗ ಗಂಡು ಹೆಣ್ಣು ಬೇರೆ ಮಾಡಿ, ತಡವಾದರೆ ಅಣ್ಣತಂಗಿಯರಲ್ಲೇ ಗರ್ಭ ನಿಲ್ಲುತ್ತದೆ. ಬಾಲದ ಬುಡದ ಎರಡು ರಂಧ್ರಗಳ ನಡುವಿನ ಅಂತರ ಗಂಡಿನಲ್ಲಿ ಹೆಚ್ಚು, ಹೆಣ್ಣಿನಲ್ಲಿ ತೀರಾ ಕಡಿಮೆ. ಸಿರಿಯನ್ ಜಾತಿಯವು ದೊಡ್ಡದಾದಂತೆ ಒಂದನ್ನೊಂದು ಕಚ್ಚಿ ಕೊಲ್ಲುತ್ತವೆ, ತಲಾ ಒಂದು ಪಂಜರ ಬೇಕೇ ಬೇಕು. ಮರಿ ಕೇಳಿಕೊಂಡು ಬಂದವರಿಗೆ ಮೊದಲು ಪಂಜರ ತೋರಿಸಲು ಹೇಳಿ, ಆಮೇಲೆ ಮರಿ ಕೊಡಿ.