ಜರ್ಮನಿಯಲ್ಲಿ ಪಿಎಚ್‌ಡಿ: ನಾನು ಮೊದಲು ಹುಡುಕಿದ್ದು ದುಡ್ಡು ಸಿಕ್ಕ ಪ್ರಾಜೆಕ್ಟ್‌ಗಳನ್ನು

ಜರ್ಮನಿಯಲ್ಲಿ ಪಿಎಚ್‌ಡಿ ಅಂದರೆ ಎಷ್ಟೋ ಕಡೆ ಅದೊಂದು ಕೆಲಸ. ಕಾಂಟ್ರಾಕ್ಟ್ ಇರುತ್ತದೆ, ತಿಂಗಳ ಸಂಬಳ ಬರುತ್ತದೆ, ಆರೋಗ್ಯ ವಿಮೆಯೂ ಸೇರಿರುತ್ತದೆ. ಆ ಸಂಬಳ ಹೆಚ್ಚಾಗಿ ಪ್ರೊಫೆಸರ್ ತಂದ ಪ್ರಾಜೆಕ್ಟ್ ದುಡ್ಡಿನಿಂದ ಬರುವಂಥದ್ದು. ಹಾಗಾಗಿ ನಾನು ರ‍್ಯಾಂಕಿಂಗ್ ನೋಡಿ ವಿಶ್ವವಿದ್ಯಾಲಯಗಳ ಪಟ್ಟಿ ಮಾಡಲಿಲ್ಲ. ನನ್ನ ವಿಷಯದಲ್ಲಿ ಈಗಷ್ಟೇ ದುಡ್ಡು ಸಿಕ್ಕಿರುವುದು ಯಾರಿಗೆ ಅಂತ ಹುಡುಕಿದೆ.

ನನ್ನದು ಮಣ್ಣು ವಿಜ್ಞಾನ. ಗೊಟ್ಟಿಂಗೆನ್ ಮತ್ತು ಕಾಸೆಲ್ ವಿಶ್ವವಿದ್ಯಾಲಯಗಳ ಹೆಸರು ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಜಿಕೆವಿಕೆಯಲ್ಲಿ ಎಂಎಸ್ಸಿ ಓದುವಾಗಲೇ ಕೇಳಿದ್ದೆ. 2016ರಲ್ಲಿ ಶುರುವಾದ ಅವರ ದೊಡ್ಡ ಸಂಶೋಧನೆಯೊಂದು ಬೆಂಗಳೂರಿನ ಸುತ್ತಲಿನ ಹಳ್ಳಿಗಳಲ್ಲೇ ನಡೆದಿತ್ತು. ಊರು ಬೆಳೆದ ಹಾಗೆ ಬೇಸಾಯ ಏನಾಗುತ್ತದೆ ಅನ್ನುವುದು ಅವರ ಪ್ರಶ್ನೆ. ಆ ಪೇಪರ್‌ಗಳ ಕೊನೆಯಲ್ಲಿ ಬರುವ ಧನ್ಯವಾದದ ಪ್ಯಾರಾವನ್ನು ನಾನು ಬಿಡದೆ ಓದುತ್ತಿದ್ದೆ. ದುಡ್ಡು ಕೊಟ್ಟವರ ಹೆಸರು, ಪ್ರಾಜೆಕ್ಟ್ ನಂಬರ್ ಎರಡೂ ಅಲ್ಲೇ ಸಿಗುತ್ತವೆ.

ಅಲ್ಲಿಂದ ಮುಂದೆ ಗೆಪ್ರಿಸ್. ಇದು ಜರ್ಮನಿಯಲ್ಲಿ ಸಂಶೋಧನೆಗೆ ದುಡ್ಡು ಕೊಡುವ ಡಿಎಫ್‌ಜಿಯ ಡೇಟಾಬೇಸ್. ಯಾರಿಗೆ, ಯಾವ ವಿಷಯಕ್ಕೆ, ಯಾವ ವರ್ಷದಿಂದ ಅನುದಾನ ಅನ್ನುವುದು ಅದರಲ್ಲಿದೆ, ಯಾರು ಬೇಕಾದರೂ ನೋಡಬಹುದು. ಹಳೆಯ ಪ್ರಾಜೆಕ್ಟ್‌ನಲ್ಲಿ ಕೆಲಸದ ಜಾಗ ಉಳಿದಿರುವುದು ಕಡಿಮೆ, ಹೊಸದರಲ್ಲಿ ಇರುವ ಸಾಧ್ಯತೆ ಜಾಸ್ತಿ. ಯುರೋಪಿಯನ್ ಒಕ್ಕೂಟದ ಪ್ರಾಜೆಕ್ಟ್‌ಗಳಿಗೆ ಕಾರ್ಡಿಸ್ ಅಂತ ಇಂಥದ್ದೇ ಡೇಟಾಬೇಸ್ ಇದೆ. ಯುರೋಪಿಯನ್ ಸಂಶೋಧನಾ ಮಂಡಳಿಯ (ಇಆರ್‌ಸಿ) ಸ್ಟಾರ್ಟಿಂಗ್ ಗ್ರಾಂಟ್ ಪಡೆದವರ ಪಟ್ಟಿಯನ್ನೂ ನೋಡಿದೆ. ಐದು ವರ್ಷಕ್ಕೆ ಸಾಮಾನ್ಯವಾಗಿ 15 ಲಕ್ಷ ಯೂರೋವರೆಗೆ ಬರುತ್ತದೆ. ಅಷ್ಟು ಕೆಲಸವನ್ನು ಒಬ್ಬರೇ ಮಾಡೋಕಾಗುತ್ತಾ? ಜನ ಬೇಕೇ ಬೇಕು.

ಪ್ರೊಫೆಸರ್‌ಗಳಿಗೆ ಬರೆದ ಮೇಲ್ ಚಿಕ್ಕದು. ಅವರ ಇಂಥ ಪೇಪರ್‌ನಲ್ಲಿ ಇಂಥ ಫಲಿತಾಂಶ ಓದಿದೆ, ಕೆಂಪು ಮಣ್ಣಿನಲ್ಲಿ ನಾನು ಮಾಡಿದ ಅಳತೆ ಅದಕ್ಕೆ ಹೀಗೆ ಹೊಂದುತ್ತದೆ, ನಿಮ್ಮ ಹೊಸ ಪ್ರಾಜೆಕ್ಟ್‌ನಲ್ಲಿ ಜಾಗ ಇದೆಯಾ? ಅಷ್ಟೇ. ಜೊತೆಗೆ ಸಿವಿ. ಎಲ್ಲರಿಗೂ ಒಂದೇ ಮೇಲ್ ಕಳಿಸುವುದು ಸುಮ್ನೆ ದಂಡ, ಓದಿದ ಕೂಡಲೇ ಗೊತ್ತಾಗುತ್ತದೆ. ಉತ್ತರ ಕೊಟ್ಟವರಲ್ಲಿ ಕೆಲವರು "ಇನ್ನೂ ಜಾಹೀರಾತು ಹಾಕಿಲ್ಲ, ಹಾಕಿದಾಗ ಅರ್ಜಿ ಕಳಿಸಿ" ಅಂದರು. ನನಗೆ ಸಿಕ್ಕ ಕೆಲಸ ಹಾಗೆ ಕಾದು ಅರ್ಜಿ ಹಾಕಿದ್ದೇ.

ಮೇರಿ ಕ್ಯೂರಿ ಡಾಕ್ಟೋರಲ್ ನೆಟ್‌ವರ್ಕ್‌ಗಳು ಅಂದರೆ ಯುರೋಪಿಯನ್ ಒಕ್ಕೂಟದ ದುಡ್ಡಿನಲ್ಲಿ ಹಲವು ದೇಶಗಳ ಸಂಸ್ಥೆಗಳು ಸೇರಿ ನಡೆಸುವ ಪಿಎಚ್‌ಡಿ ಕಾರ್ಯಕ್ರಮಗಳು, ಅವುಗಳ ಜಾಹೀರಾತು ಸಂಶೋಧಕರ ಉದ್ಯೋಗ ಜಾಲತಾಣ ಯೂರಾಕ್ಸೆಸ್‌ನಲ್ಲಿ ಬರುತ್ತದೆ. ಸಂಬಳ ಚೆನ್ನಾಗಿದೆ, ಆದರೆ ಒಂದು ಷರತ್ತಿದೆ. ಕಳೆದ 36 ತಿಂಗಳಲ್ಲಿ 12 ತಿಂಗಳಿಗಿಂತ ಜಾಸ್ತಿ ಕೆಲಸ ಕೊಡುವ ಸಂಸ್ಥೆ ಇರುವ ದೇಶದಲ್ಲಿ ಇದ್ದಿರಬಾರದು. ಭಾರತದಿಂದ ನೇರ ಅರ್ಜಿ ಹಾಕುವವರಿಗೆ ಇದು ಅನುಕೂಲ. ಜರ್ಮನಿಯಲ್ಲೇ ಎರಡು ವರ್ಷ ಮಾಸ್ಟರ್ಸ್ ಮುಗಿಸಿ ಅಲ್ಲೇ ಇರುವವರು ನೆದರ್‌ಲ್ಯಾಂಡ್ಸ್, ಡೆನ್ಮಾರ್ಕ್ ಕಡೆ ನೋಡಬೇಕು. ಜರ್ಮನಿಯ ಶೈಕ್ಷಣಿಕ ವಿನಿಮಯ ಸಂಸ್ಥೆ ಡಿಎಎಡಿಯ ದಾರಿ ಬೇರೆ. ಅದು ಸ್ಕಾಲರ್‌ಶಿಪ್, ಸಂಶೋಧನೆಯ ಯೋಜನೆಯನ್ನು ನಾವೇ ಬರೆದು ಕೊಡಬೇಕು.

ಸಹಿ ಹಾಕುವ ಮೊದಲು ಎರಡು ಪ್ರಶ್ನೆ ಕೇಳಿದೆ. ಜಾಹೀರಾತಿನಲ್ಲಿ "ಇ13, 65%" ಅಂತಿತ್ತು. ಇ13 ಅನ್ನುವುದು ಸರ್ಕಾರಿ ಸಂಬಳದ ಶ್ರೇಣಿ, ಅದರ ಶೇಕಡಾ 65 ಮಾತ್ರ ನನ್ನ ಸಂಬಳ, ಅದರಲ್ಲೂ ತೆರಿಗೆ, ವಿಮೆ ಕಳೆಯಬೇಕು. ಮೊದಲ ಪ್ರಶ್ನೆ, ಕಡಿತ ಆದ ಮೇಲೆ ಎಷ್ಟು ಉಳಿಯುತ್ತದೆ? ಎರಡನೆಯದು, ಮೂರು ವರ್ಷದಲ್ಲಿ ಥೀಸಿಸ್ ಮುಗಿಯದಿದ್ದರೆ ಆಮೇಲಿನ ತಿಂಗಳುಗಳ ಸಂಬಳ ಎಲ್ಲಿಂದ? ಪ್ರೊಫೆಸರ್ ಎರಡಕ್ಕೂ ಬೇಸರವಿಲ್ಲದೆ ಉತ್ತರ ಕೊಟ್ಟರು. ಅದೇ ಲ್ಯಾಬಿನ ಹಿರಿಯ ವಿದ್ಯಾರ್ಥಿಗಳನ್ನೂ ಕೇಳಿದೆ. ಅವರು ಹೇಳಿದ್ದೂ ಅದಕ್ಕೆ ಹೊಂದಿತು, ಸಹಿ ಹಾಕಿದೆ.